ಫೋಟೋದಲ್ಲಿ ಕಾಣದ ಮೂರು ಮಿಲಿಮೀಟರ್

"ಸಾರ್, ಹಾಲ್‌ನಲ್ಲಿ ನೆಲ ಸಮ ಇಲ್ಲ. ಲೆವೆಲಿಂಗ್ ಮಾಡಿಸ್ದೆ ವುಡನ್ ಫ್ಲೋರಿಂಗ್ ಹಾಕಿಸಿದ್ರೆ ಆಮೇಲೆ ನನ್ನ ಬೈಬೇಡಿ" ಅಂದಿದ್ದರು ಮೇಸ್ತ್ರಿ. ನಾನು ಎಸ್ಟಿಮೇಟ್ ತಗೊಂಡು ಲೆವೆಲಿಂಗ್ ಅನ್ನೋ ಸಾಲನ್ನೇ ಹೊಡೆದುಹಾಕಿದೆ. "ಕೆಳಗೆ ಫೋಮ್ ಬರುತ್ತಲ್ಲ, ಸ್ವಲ್ಪ ಅಡ್ಜಸ್ಟ್ ಮಾಡಿ" ಅಂದೆ. ಉಳಿದ ದುಡ್ಡಲ್ಲಿ ಟಿವಿ ಹಿಂದೆ ಲೈಟು ಬಂತು.

ನಾಲ್ಕು ತಿಂಗಳಾಯ್ತು. ಸೋಫಾ ಪಕ್ಕ ಕಾಲಿಟ್ಟರೆ ನೆಲ ಕಟಕ್ ಅನ್ನುತ್ತೆ. ಒಂದು ಹಲಗೆಯ ಅಂಚು ಮೇಲೆದ್ದಿದೆ. ಮಂಡಿ ಆಪರೇಷನ್ ಆಗಿರೋ ಅಮ್ಮ ಹೋದ ವಾರ ಅದಕ್ಕೇ ಎಡವಿದರು. ಸೋಫಾ ಕೈಗೆ ಸಿಕ್ಕಿದ್ದರಿಂದ ಬಚಾವಾದರು. ಇದರಲ್ಲಿ ಮೇಸ್ತ್ರಿ ತಪ್ಪಿಲ್ಲ. ತಪ್ಪು ನನ್ನದು, ಮತ್ತು ಫೋಟೋದಲ್ಲಿ ಕಾಣೋದಕ್ಕೆ ಮಾತ್ರ ದುಡ್ಡು ಬಿಚ್ಚುವ ನಮ್ಮೆಲ್ಲರದು.

ಈ ಹಲಗೆಗಳನ್ನು ನೆಲಕ್ಕೆ ಅಂಟಿಸಿರುವುದಿಲ್ಲ. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕಾಂಕ್ರೀಟ್ ಮೇಲೆ ಸುಮ್ಮನೆ ಕೂತಿರುತ್ತವೆ. ಅಡಿಯಲ್ಲಿ ತಗ್ಗಿದ್ದರೆ ಪ್ರತಿ ಹೆಜ್ಜೆಗೂ ಹಲಗೆ ಬಾಗಿ ಏಳುತ್ತೆ. ಒಂದು ದಿನ ಕೊಂಡಿ ಮುರಿಯುತ್ತೆ. ಫೋಮ್ ತಗ್ಗನ್ನು ತುಂಬಲ್ಲ, ತಗ್ಗಿನ ಆಕಾರಕ್ಕೇ ಬಗ್ಗುತ್ತೆ. ತಯಾರಕರು ಸಾಮಾನ್ಯವಾಗಿ ಒಪ್ಪುವುದು 2 ಮೀಟರ್ ಉದ್ದಕ್ಕೆ ಸುಮಾರು 3 ಮಿ.ಮೀ. ಏರುತಗ್ಗು. ಅಂದರೆ ಹೆಚ್ಚುಕಡಿಮೆ ಎರಡು ಒಂದು ರೂಪಾಯಿ ನಾಣ್ಯ ಒಂದರ ಮೇಲೊಂದು ಇಟ್ಟಷ್ಟು.

"ಹೊಸ ಫ್ಲಾಟು, ಬಿಲ್ಡರ್ ಸರಿಯಾಗೇ ಮಾಡಿರ್ತಾನೆ", "ಮೇಸ್ತ್ರಿ ಬಿಲ್ ಏರಿಸೋಕೆ ಹೇಳ್ತಾನೆ" ಅನ್ನೋರಿಗೆ ಒಂದೇ ಮಾತು: ನೀವೇ ಅಳೆಯಿರಿ. 2 ಮೀಟರ್‌ನ ನೇರ ಅಲ್ಯೂಮಿನಿಯಂ ಪಟ್ಟಿಯನ್ನು ನೆಲದ ಮೇಲೆ ಎಲ್ಲ ದಿಕ್ಕಿಗೂ ಇಡಿ. ಕೆಳಗೆ ಆ ನಾಣ್ಯದ ಜೋಡಿ ಸಲೀಸಾಗಿ ತೂರಿದರೆ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಬರೀ ರಸಮಟ್ಟ ನಂಬಬೇಡಿ. ಇಡೀ ನೆಲ ಒಂದು ಕಡೆಗೆ ತುಸು ವಾಲಿದ್ದರೂ ನಡೆಯುತ್ತೆ, ಮಧ್ಯೆ ಹೊಂಡ ಇದ್ದರೆ ನಡೆಯಲ್ಲ.

ಆಮೇಲಿನ ಕೆಲಸ ದೊಡ್ಡದೇನಲ್ಲ. ಉಬ್ಬನ್ನು ಗ್ರೈಂಡರ್‌ನಲ್ಲಿ ಉಜ್ಜಬೇಕು, ಧೂಳು ಪೂರ್ತಿ ತೆಗೆಯಬೇಕು, ಪ್ರೈಮರ್ ಹೊಡೆಯಬೇಕು. ಇಲ್ಲದಿದ್ದರೆ ಕಾಂಕ್ರೀಟ್ ನೀರು ಹೀರಿಕೊಂಡು, ಮೇಲೆ ಸುರಿದದ್ದು ಗಟ್ಟಿಯಾಗಿ ಹಿಡಿಯಲ್ಲ. ಸೆಲ್ಫ್ ಲೆವೆಲಿಂಗ್ ಪುಡಿಗೆ ಚೀಲದ ಮೇಲೆ ಬರೆದಷ್ಟೇ ನೀರು. ಸಲೀಸಾಗಿ ಹರಿಯಲಿ ಅಂತ ಜಾಸ್ತಿ ಹಾಕಿದರೆ ಪದರವೇ ಬಲ ಕಳಕೊಳ್ಳುತ್ತೆ. ಒಣಗಲು ಸಮಯ ಕೊಡಿ. ಗೃಹಪ್ರವೇಶದ ಮುಹೂರ್ತ ನೋಡಿಕೊಂಡು ಸಿಮೆಂಟ್ ಒಣಗಲ್ಲ.

ಆಫೀಸಲ್ಲಿ ಟೆಕ್ನಿಕಲ್ ಡೆಟ್ ಅಂತ ಗಂಟೆಗಟ್ಟಲೆ ಮಾತಾಡ್ತೀವಿ. ಮನೆಯಲ್ಲಿ ಅದೇ ಸಾಲದ ಮೇಲೆ ಹಲಗೆ ಹಾಸಿ ಫೋಟೋ ಹಾಕ್ತೀವಿ. ಎಸ್ಟಿಮೇಟಲ್ಲಿ ಏನಾದರೂ ಹೊಡೆಯಲೇಬೇಕಾದರೆ ಲೈಟು ಹೊಡೆಯಿರಿ. ಅದು ಮುಂದಿನ ವರ್ಷವೂ ಬರುತ್ತೆ.

ನಿನ್ನೆ ಮೇಸ್ತ್ರಿಗೆ ಫೋನ್ ಮಾಡಿದೆ. ಅವರು ಬೈಲಿಲ್ಲ. "ಹಲಗೆ ಎಲ್ಲಾ ಕೀಳ್ಬೇಕು ಸಾರ್. ಅಲ್ಲೀ ತನಕ ಅಮ್ಮನ್ನ ಆ ಕಡೆ ಓಡಾಡೋಕೆ ಬಿಡ್ಬೇಡಿ" ಅಂದರು.