ಬಾಹ್ಯಾಕಾಶ ನೌಕೆಗಳ ಕೊನೆಯ ಇಳಿತ

೨೦೧೧ರ ಜುಲೈ ೨೧ರಂದು ಅಮೆರಿಕದ ಫ್ಲಾರಿಡಾದಲ್ಲಿ, ಬೆಳಕು ಹರಿಯುವ ಮುನ್ನ, ನಾಲ್ವರು ಯಾತ್ರಿಗಳನ್ನು ಹೊತ್ತ ‘ಅಟ್ಲಾಂಟಿಸ್’ ನೆಲ ಮುಟ್ಟಿತು. ೧೯೮೧ರ ಏಪ್ರಿಲ್ ೧೨ರಂದು ‘ಕೊಲಂಬಿಯಾ’ ಆರಂಭಿಸಿದ್ದ ನೌಕೆಗಳ ಯುಗವು ೧೩೫ ಯಾನಗಳಿಗೆ ಮುಗಿಯಿತು.

ರಾಕೆಟ್ಟಿನಂತೆ ಏರಿ, ವಿಮಾನದಂತೆ ಇಳಿದು, ಮತ್ತೆ ಹಾರಬಲ್ಲ ವಾಹನವಿದು. ಯಾನವು ಅಗ್ಗವಾಗುವುದೆಂಬ ಭರವಸೆ ಮಾತ್ರ ಈಡೇರಲಿಲ್ಲ. ಹಬಲ್ ದೂರದರ್ಶಕವನ್ನು ಕಕ್ಷೆಗೆ ಒಯ್ದು, ಮುಂದೆ ಅದರ ದೃಷ್ಟಿದೋಷವನ್ನು ತಿದ್ದಿದ ಹಿರಿಮೆ ಈ ನೌಕೆಗಳದೇ, ನಿಜ. ಆದರೆ ಹದಿನಾಲ್ಕು ಜೀವಗಳು ಹೋದುವಲ್ಲ!

೧೯೮೬ರ ಜನವರಿಯಲ್ಲಿ ‘ಚಾಲೆಂಜರ್’ ಹಾರುವ ಹಿಂದಿನ ರಾತ್ರಿಯೇ, ಇಂಥ ಚಳಿಯಲ್ಲಿ ರಾಕೆಟ್ಟಿನ ಸಂದುಗಳನ್ನು ಮುಚ್ಚುವ ರಬ್ಬರ್ ಬಳೆಗಳು ಬಿಗಿ ಹಿಡಿಯಲಾರವೆಂದು ಎಂಜಿನಿಯರರು ವಾದಿಸಿದ್ದರು. ಮೇಲಿನವರು ಒಪ್ಪಲಿಲ್ಲ. ಏರಿದ ೭೩ ಸೆಕೆಂಡುಗಳಲ್ಲಿ, ಶಾಲಾ ಶಿಕ್ಷಕಿಯೊಬ್ಬರೂ ಸೇರಿ ಏಳು ಜನರಿದ್ದ ನೌಕೆ ಛಿದ್ರವಾಯಿತು.

೨೦೦೩ರಲ್ಲಿ ಹರಿಯಾಣದ ಕರ್ನಾಲಿನ ಮಗಳು ಕಲ್ಪನಾ ಚಾವ್ಲಾ ಇದ್ದ ‘ಕೊಲಂಬಿಯಾ’ದ ಸರದಿ. ಏರುವಾಗಲೇ ಇಂಧನತೊಟ್ಟಿಯ ಮೇಲ್ಹೊದಿಕೆಯ ತುಂಡೊಂದು ಎಡ ರೆಕ್ಕೆಗೆ ಬಡಿದುದು ಚಿತ್ರಗಳಲ್ಲಿ ಕಂಡಿತ್ತು. ಕಕ್ಷೆಯಲ್ಲಿರುವಾಗ ರೆಕ್ಕೆಯ ಛಾಯಾಚಿತ್ರ ತೆಗೆಸಿರೆಂದು ಎಂಜಿನಿಯರರು ಕೇಳಿದರು, ತೆಗೆಸಲಿಲ್ಲ. ಫೆಬ್ರುವರಿ ೧ರಂದು ಮರಳುವಾಗ ಆ ರಂಧ್ರದೊಳಗೆ ಉರಿಗಾಳಿ ನುಗ್ಗಿತು. ಕೇಳಿದವರು ಕೆಳಗಿನ ಹುದ್ದೆಯವರೆಂಬುದನ್ನು ಓದುಗ ಬಂಧುಗಳು ಗಮನಿಸಬೇಕು.

ಯುಗ ಮುಗಿದುದಕ್ಕೆ ಮರುಗಿದವರು ಬಹಳ. ನಿಲ್ಲಿಸಿದುದೇ ಸರಿಯೆಂಬುದು ನನ್ನ ಎಣಿಕೆ. ೨೦೨೦ರ ಮೇ ತಿಂಗಳವರೆಗೆ ಅಮೆರಿಕದ ಯಾತ್ರಿಗಳು ರಷ್ಯದ ಸೊಯುಜ್ ಏರಿಯೇ ಹೋಗಬೇಕಾಯಿತು. ಆಗಲಿ, ಹೋದವರು ಕ್ಷೇಮವಾಗಿ ಮರಳಿದರು.

‘ಅಟ್ಲಾಂಟಿಸ್’ ಈಗ ಫ್ಲಾರಿಡಾದ ಕೆನಡಿ ಕೇಂದ್ರದಲ್ಲಿ ಪ್ರದರ್ಶನಕ್ಕಿದೆ. ಅದೇ ಕಟ್ಟಡದಲ್ಲಿ ೨೦೧೫ರಿಂದ ‘ಚಾಲೆಂಜರ್’ನ ಒಂದು ಪಾರ್ಶ್ವಫಲಕವನ್ನೂ ‘ಕೊಲಂಬಿಯಾ’ದ ಕಿಟಕಿಯ ಚೌಕಟ್ಟುಗಳನ್ನೂ ಇರಿಸಿದ್ದಾರೆ.