ಮೊಮ್ಮಗ ಯಾರವನು?

ಹೋದ ಚಳಿಗಾಲದ ಒಂದು ಭಾನುವಾರ ಸಂಜೆ ನಾವು ಸಂಘದ ವಾಚನಾಲಯದಲ್ಲಿ ಪತ್ರಿಕೆ ತಿರುವುತ್ತ ಕುಳಿತಿದ್ದಾಗ, ಪರಿಚಯದ ವೃದ್ಧರೊಬ್ಬರು ಬಂದು ಎದುರು ಕುಳಿತರು. ಧಾರವಾಡದ ಕಡೆಯವರು, ನಿವೃತ್ತ ಶಿಕ್ಷಕರು. ಕೈಚೀಲದಿಂದ ಎರಡು ಕಾಗದ ತೆಗೆದು ನಮ್ಮ ಮುಂದಿಟ್ಟು, “ನೀವು ಸರಕಾರಿ ಕಚೇರಿಯವರು, ಓದಿ ಹೇಳ್ರಿ. ನನ್ನ ಮಗಳ ಮಗಗ ನಾನು ಯಾರೂ ಅಲ್ಲೇನ್ರಿ?” ಎಂದರು.

ಅವರ ಮಗಳು, ಅಳಿಯ ಇಬ್ಬರೂ 2021ರ ಕೊರೋನಾ ಹಾವಳಿಯಲ್ಲಿ ಹದಿನೈದು ದಿನಗಳ ಅಂತರದಲ್ಲಿ ತೀರಿಕೊಂಡರು. ಹುಡುಗನಿಗೆ ಆಗ ನಾಲ್ಕು ವರ್ಷ. ಅಜ್ಜ ಅಜ್ಜಿ ಧಾರವಾಡದ ಮನೆಗೆ ಬೀಗ ಹಾಕಿ, ಮುಂಬಯಿಯಲ್ಲಿ ಮಗಳು ಬಿಟ್ಟುಹೋದ ಎರಡು ಕೋಣೆಯ ಮನೆಗೆ ಬಂದರು. ಅಂದಿನಿಂದ ಡಬ್ಬಿ ಕಟ್ಟುವವರು ಅವರು, ಜ್ವರ ಬಂದರೆ ರಾತ್ರಿ ಕೂಡುವವರು ಅವರು.

ಮೊದಲನೆಯ ಕಾಗದ ಒಂದು ಶಾಲೆಯದು. ಐದನೆಯ ತರಗತಿಗೆ ಸೇರಿಸಿಕೊಳ್ಳಲು ಪಾಲಕರೆಂಬುದಕ್ಕೆ ನ್ಯಾಯಾಲಯದ ಆಜ್ಞೆ ಬೇಕೆಂದು ಕೇಳಿತ್ತು. ಎರಡನೆಯದು ವಿಜಯಪುರದ ಬೀಗರದು: “ಹುಡುಗ ನಮ್ಮ ವಂಶದ ಕುಡಿ. ನಿಮಗೂ ವಯಸ್ಸಾಯಿತು. ನಮ್ಮಲ್ಲಿಗೆ ಕಳಿಸಿಕೊಡಿ.”

ದಿನವಿಡೀ ಕಡತಗಳ ನಡುವೆ ಬದುಕುವ ನಮಗೂ ಇದಕ್ಕೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಪರಿಚಯದ ವಕೀಲರಲ್ಲಿಗೆ ಅವರನ್ನು ಕರೆದುಕೊಂಡು ಹೋದೆವು. ಅಲ್ಲಿ ತಿಳಿದುದು ನಮ್ಮಂತಹ ಮನೆಗಳಿಗೆಲ್ಲ ಉಪಯೋಗಕ್ಕೆ ಬರುವಂಥದೆಂದು ಇಲ್ಲಿ ಬರೆಯುತ್ತಿದ್ದೇವೆ.

1956ರ ಹಿಂದೂ ಕಾಯಿದೆಯ ಪ್ರಕಾರ ಮಗುವಿನ ಸ್ವಾಭಾವಿಕ ಪಾಲಕರೆಂದರೆ ತಂದೆ ಮತ್ತು ತಾಯಿ. ಅಜ್ಜ ಅಜ್ಜಿಯರ ಹೆಸರು ಆ ಸಾಲಿನಲ್ಲಿಲ್ಲ. ತಾಯಿಯ ಕಡೆಯವರದೂ ಇಲ್ಲ, ತಂದೆಯ ಕಡೆಯವರದೂ ಇಲ್ಲ. ಅವರು ಪಾಲಕರಾಗಬೇಕಾದರೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯಿದೆಯಂತೆ ಅರ್ಜಿ ಕೊಡಬೇಕು. ಈ ಕಾಯಿದೆ ಎಲ್ಲ ಮತದವರಿಗೂ ಅನ್ವಯಿಸುತ್ತದೆ. ಅರ್ಜಿ ಕೊಡುವ ಸ್ಥಳ ಅಜ್ಜನ ಊರಲ್ಲ, ಮಗು ಸಾಮಾನ್ಯವಾಗಿ ವಾಸಿಸುವ ಊರು. ಊರು ಬಿಟ್ಟು ಬಂದ ನಮ್ಮಂಥವರು ಇದನ್ನು ನೆನಪಿಡತಕ್ಕದ್ದು.

“ಹಾಗಾದರ ಗೆಲ್ಲೋರು ಯಾರು?” ಎಂದರು ಅಜ್ಜ.

ವಕೀಲರು ಸುಪ್ರೀಂ ಕೋರ್ಟಿನ ಮೂರು ತೀರ್ಪುಗಳನ್ನು ಹೇಳಿದರು. 2008ರಲ್ಲಿ ತಂದೆ ಬದುಕಿದ್ದರೂ, ಹೆಂಡತಿಯ ಸಾವಿನ ಆರೋಪ ಅವನ ಮೇಲಿದ್ದುದನ್ನೂ ಬಾಲಕನ ಇಚ್ಛೆಯನ್ನೂ ಗಮನಿಸಿ, ಮಗುವನ್ನು ತಾಯಿಯ ತಂದೆತಾಯಿಗಳಿಗೆ ಕೊಟ್ಟರು. 2019ರಲ್ಲಿ, ತಾಯಿ ಸತ್ತ ಮೇಲೆ ಆಕೆಯ ಕಡೆಯವರಲ್ಲಿ ಬೆಳೆಯುತ್ತಿದ್ದ ಮಗುವನ್ನು ತಂದೆಗೇ ಒಪ್ಪಿಸಿದರು. 2022ರಲ್ಲಿ, ಕೊರೋನಾದಿಂದ ಅನಾಥನಾದ ಗುಜರಾತಿನ ಬಾಲಕನನ್ನು ತಾಯಿಯ ಸೋದರಿಗಲ್ಲದೆ ತಂದೆಯ ತಂದೆತಾಯಿಗಳಿಗೆ ಕೊಟ್ಟರು. ಆಕೆಯ ಸಂಪಾದನೆ, ಇವರ ವಯಸ್ಸು, ಇವಿಷ್ಟನ್ನೇ ನೋಡಿ ತೀರ್ಮಾನಿಸಲಾಗದೆಂದರು.

ಮೂರನೆಯದನ್ನು ಕೇಳಿ ಅಜ್ಜನ ಮುಖ ಬಾಡಿತು. ವಕೀಲರು ನಕ್ಕು, “ಯಾರಿಗೆ ಸಿಕ್ಕಿತೆಂದು ನೋಡಬೇಡಿ. ಮಗು ಯಾರದು ಎಂದು ಕೋರ್ಟು ಕೇಳುವುದಿಲ್ಲ. ಎಲ್ಲಿದ್ದರೆ ಮಗುವಿಗೆ ಒಳ್ಳೆಯದು ಎಂದು ಕೇಳುತ್ತದೆ. ನೀವೂ ಅದನ್ನೇ ಕೇಳಿಕೊಳ್ಳಿ” ಎಂದರು.

ಆ ಮಾತು ಅಜ್ಜನಿಗೆ ನಾಟಿತು. ಬೀಗರಿಗೆ ಖಾರವಾದ ಉತ್ತರವೊಂದನ್ನು ಬರೆದಿಟ್ಟಿದ್ದರು. ಅದನ್ನು ಹರಿದು ಹಾಕಿ ತಾವೇ ವಿಜಯಪುರಕ್ಕೆ ಹೋದರು. ಅಲ್ಲಿ ಆದ ಮಾತನ್ನು ನಮಗೆ ಪೂರ್ತಿ ಹೇಳಲಿಲ್ಲ. “ಅವರೂ ಮಗನ್ನ ಕಳಕೊಂಡೋರು. ನಾನು ಅದನ್ನ ಮರತಿದ್ದೆ” ಎಂದಷ್ಟೇ ಅಂದರು. ಅರ್ಜಿ ಅಜ್ಜಿಯ ಹೆಸರಿನಲ್ಲಿ ಆಯಿತು. ಬೀಗರು ಒಪ್ಪಿಗೆ ಬರೆದುಕೊಟ್ಟರು. ಬೇಸಿಗೆ ರಜೆ ಮತ್ತು ದೀಪಾವಳಿಗೆ ಹುಡುಗ ವಿಜಯಪುರದಲ್ಲಿರಬೇಕೆಂದು ಅದರಲ್ಲೇ ಸೇರಿಸಿದರು. ನ್ಯಾಯಾಧೀಶರು ಹುಡುಗನನ್ನು ಒಬ್ಬನನ್ನೇ ಕರೆದು ಮಾತನಾಡಿಸಿದರು. ಹೋದ ತಿಂಗಳು ಆಜ್ಞೆ ಕೈಸೇರಿತು.

ವಾಚಕರಿಗೆ ನಮ್ಮ ಬಿನ್ನಹವಿಷ್ಟು. ಇಂತಹ ಮಗು ಮನೆಯಲ್ಲಿದ್ದರೆ ಶಾಲೆ ಕೇಳುವವರೆಗೆ ಕಾಯಬೇಡಿ. ಜನನ ಪತ್ರ, ತಂದೆತಾಯಿಗಳ ಮರಣ ಪತ್ರ, ಶಾಲೆಯ ದಾಖಲೆ, ನಿಮ್ಮ ಆದಾಯದ ಕಾಗದ ಇವನ್ನು ಒಂದೆಡೆ ಕೂಡಿಸಿಡಿ. ಮಗುವಿನ ಹೆಸರಿಗೆ ಮನೆ, ಹಣ ಇದ್ದರೆ ಆಸ್ತಿಯ ಪಾಲಕತ್ವವನ್ನೂ ಕೇಳಬೇಕಾಗುತ್ತದೆ. ಹಾಗೆ ನೇಮಕವಾದವರು ಕೋರ್ಟಿನ ಅಪ್ಪಣೆಯಿಲ್ಲದೆ ಮನೆಯನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ. ವಕೀಲರಿಗೆ ಕೊಡಲು ಕೈಯಲ್ಲಿ ಹಣವಿಲ್ಲವೆಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ನೆರವು ಉಂಟು. ನಮ್ಮ ವಯಸ್ಸಿನ ತಂದೆತಾಯಿಗಳು ಉಯಿಲಿನಲ್ಲಿ ಪಾಲಕರನ್ನು ಹೆಸರಿಸಿಡಬಹುದು. ಅಪಶಕುನವೆಂದು ನಮ್ಮ ಮನೆಯಲ್ಲಿ ಮೊದಲು ಸಿಡುಕಿದರು. ಈ ಕಥೆ ಕೇಳಿದ ಮೇಲೆ ತಾವೇ ಕಾಗದ ಪೆನ್ನು ತಂದಿಟ್ಟರು.

ಕಳೆದ ಭಾನುವಾರ ಅಜ್ಜ ಹುಡುಗನನ್ನೂ ವಾಚನಾಲಯಕ್ಕೆ ಕರೆತಂದಿದ್ದರು. ಕೋರ್ಟಿನಲ್ಲಿ ಏನು ಕೇಳಿದರೆಂದು ವಿಚಾರಿಸಿದೆವು. “ಅಜ್ಜಿ ಏನು ಅಡಿಗಿ ಮಾಡ್ತಾರ ಅಂತ ಕೇಳಿದ್ರು” ಎಂದ.

“ನೀನು ಏನಂದೆ?”

“ಯಾವ ಅಜ್ಜಿ ಅಂತ ಕೇಳಿದೆ.”