ಬಸವನಪಾದದ ಸಸಿಗೆ ಕತ್ತರಿ ಹಚ್ಚಬಹುದೇ?

ಯಡ್ರಾಮಿ ಸೀಮೆಯ ಸದ್ಭಕ್ತರು ನಮ್ಮಲ್ಲಿಗೆ ಬಂದಾಗ ಕೇಳುವ ಪ್ರಶ್ನೆಗಳಲ್ಲಿ ಈಚೆಗೆ ಇದೂ ಒಂದು: "ಅಪ್ಪಾರ, ಮನಿ ಮುಂದ ಬಸವನಪಾದ ಹಚ್ಚೀವ್ರಿ. ಬಸವಣ್ಣನ ಹೆಸರಿನ ಗಿಡ. ಅದಕ್ಕ ಕತ್ತರಿ ಹಚ್ಚಿದ್ರ ಪಾಪ ಬರೂದಿಲ್ಲೇನ್ರಿ?" ಕೇಳುವವರ ಭಕ್ತಿ ದೊಡ್ಡದು. ಆದರೂ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಎಳೆಯ ಸಸಿಗೆ ತಿಳಿದು ಕತ್ತರಿ ಹಚ್ಚುವುದು ಪಾಪವಲ್ಲ. ಅದನ್ನು ಹಾಗೆಯೇ ಬಿಟ್ಟು, ಹತ್ತು ವರ್ಷದ ಮೇಲೆ ಕೊಡಲಿ ಹಿಡಿದು ಅದರ ತಲೆ ಹಾರಿಸುತ್ತೇವಲ್ಲ, ಪಾಪವೆಂಬುದಿದ್ದರೆ ಅದು ಅಲ್ಲಿದೆ.

ಈ ಗಿಡದ ಎಲೆ ತುದಿಯಲ್ಲಿ ಸೀಳಿ ಎರಡಾಗಿರುತ್ತದೆ. ನಮ್ಮ ಹಿರಿಯರು ಅದರಲ್ಲಿ ಬಸವನ ಗೊರಸನ್ನು ಕಂಡರು. ಪಾಶ್ಚಾತ್ಯ ಸಸ್ಯಶಾಸ್ತ್ರಜ್ಞರು ಅದೇ ಎಲೆಯಲ್ಲಿ ಬೌಹಿನ್ ಎಂಬ ಇಬ್ಬರು ವಿದ್ವಾಂಸ ಸಹೋದರರನ್ನು ಕಂಡು 'ಬೌಹಿನಿಯಾ' ಎಂದರು. 1997ರಿಂದ ಹಾಂಗ್‌ಕಾಂಗಿನ ಧ್ವಜದ ಮೇಲಿರುವ ಹೂವು ಇದೇ ಕುಲದ್ದು. ಅಮೆರಿಕದ ಅಂಗಳಗಳಲ್ಲಿ ಶೋಭೆಗಾಗಿ ಬೆಳೆಸುವ ರೆಡ್‌ಬಡ್ ಕೂಡ ಇದರ ದಾಯಾದಿಯೇ. ನಮ್ಮ ಕಡೆ ಮಾಘ-ಫಾಲ್ಗುಣದಲ್ಲಿ ಎಲೆ ಉದುರಿಸಿ ಮೈತುಂಬ ಹೂ ಬಿಡುವ ಬಸವನಪಾದವನ್ನು ನೋಡಿದವರಿಗೆ ಅದರ ಚೆಲುವನ್ನು ಬಣ್ಣಿಸಬೇಕಿಲ್ಲ.

ತೊಗರಿ ಬೆಳೆಯುವ ನಮ್ಮ ರೈತನಿಗೆ ಗಿಡದ ಮರ್ಮ ಗೊತ್ತಿಲ್ಲವೆಂದಲ್ಲ. ಬಿತ್ತಿದ ಒಂದೂವರೆ ತಿಂಗಳಿಗೆ ತೊಗರಿಯ ಕುಡಿ ಚಿವುಟುತ್ತಾನೆ. ತುದಿಯ ಮೊಗ್ಗು ಇರುವವರೆಗೆ ಅದು ಪಕ್ಕದ ಮೊಗ್ಗುಗಳನ್ನು ತಡೆದಿಟ್ಟಿರುತ್ತದೆ. ತುದಿ ಹೋಯಿತೆಂದರೆ ಅವೆಲ್ಲ ಎದ್ದು ಟೊಂಗೆಯೊಡೆಯುತ್ತವೆ, ಕಾಯಿ ಹೆಚ್ಚುತ್ತದೆ. ತೊಗರಿಗೆ ಇದು ಸರಿ. ಆದರೆ ಮರವಾಗಬೇಕಾದ ಸಸಿಯ ತಲೆ ಚಿವುಟಿದರೆ ಅದು ಪೊದೆಯಾಗುತ್ತದೆ. ತಂತಿಗೆ ತಾಗುತ್ತದೆಂದೋ, ಆಡಿಗೆ ತಪ್ಪಲು ಬೇಕೆಂದೋ ತಲೆ ಕಡಿಸಿಕೊಂಡ ಗಿಡಗಳು ಊರೂರಿಗೆ ಇವೆ. ಕಡಿದಲ್ಲಿ ಎದ್ದ ಹತ್ತಾರು ಚಿಗುರುಗಳು ಮೇಲಣ ತೊಗಟೆಯ ಬಳಿ ಮಾತ್ರ ಅಂಟಿಕೊಂಡಿರುತ್ತವೆ, ಮುಂದೆ ಭಾರವಾದಾಗ ಗಾಳಿಗೆ ಕಳಚಿ ಬೀಳುತ್ತವೆ.

ಆದ್ದರಿಂದ ಸಸಿ ಹಚ್ಚಿದ ಎರಡನೆಯ ವರ್ಷದಿಂದ ನಿಂತು ನೋಡಬೇಕು. ಬಸವನಪಾದಕ್ಕೆ ಬುಡದಿಂದಲೇ ಎರಡು ಮೂರು ಕಾಂಡ ಎಬ್ಬಿಸುವ ಸ್ವಭಾವವುಂಟು. ನೆಟ್ಟಗಿರುವ, ಬಲವಾದ ಒಂದನ್ನು ನಾಯಕನನ್ನಾಗಿ ಆರಿಸಿ, ಅದರೊಡನೆ ಪೈಪೋಟಿಗೆ ನಿಂತದ್ದನ್ನು ತೆಗೆಯಿರಿ ಇಲ್ಲವೆ ಮೊಟಕು ಮಾಡಿರಿ. ಎರಡು ಟೊಂಗೆ ಇಕ್ಕಟ್ಟಾಗಿ ಕೂಡಿದ ಕವಲಿನಲ್ಲಿ ತೊಗಟೆ ಒಳಗೆ ಸಿಕ್ಕಿಕೊಳ್ಳುತ್ತದೆ, ಕಟ್ಟಿಗೆ ಕಟ್ಟಿಗೆಗೆ ಬೆಸೆಯುವುದಿಲ್ಲ. ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಸೀಳುವುದು ಅಲ್ಲಿಯೇ. ಅಗಲವಾಗಿ ಹೊರಟ ಟೊಂಗೆ ಗಟ್ಟಿ.

ಗಿಡ ಬೆಳೆದಂತೆ ಟೊಂಗೆಯೂ ಮೇಲಕ್ಕೇರುತ್ತದೆಂದು ನಂಬಿದವರು ಬಹಳ ಮಂದಿ. ಏರುವುದಿಲ್ಲ. ಮೊಳಕಾಲೆತ್ತರದ ಟೊಂಗೆ ಇಪ್ಪತ್ತು ವರ್ಷವಾದರೂ ಮೊಳಕಾಲೆತ್ತರದಲ್ಲೇ ಇದ್ದು ದಪ್ಪವಾಗುತ್ತದೆ. ದಾರಿಗೆ ಅಡ್ಡ ಬರುವುದನ್ನು ಬೆರಳುಗಾತ್ರವಿದ್ದಾಗಲೇ ತೆಗೆಯಬೇಕು. ಹಾಗೆಂದು ಒಂದೇ ದಿನ ಕೆಳಗಿನದೆಲ್ಲ ಸವರಿ ಸಸಿಯನ್ನು ಬೋಳು ಕೋಲು ಮಾಡಬೇಡಿರಿ. ಕೆಳಗಿನ ಸಣ್ಣ ರೆಂಬೆಗಳೇ ಕಾಂಡವನ್ನು ದಪ್ಪ ಮಾಡುವವು. ನಮ್ಮ ವೈಶಾಖದ ಬಿಸಿಲಿಗೆ ತೊಗಟೆ ಸುಡದಂತೆ ನೆರಳಾಗುವವೂ ಅವೇ. ಅವುಗಳನ್ನು ಮೂರು ನಾಲ್ಕು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ತೆಗೆಯಿರಿ. ವರ್ಷಕ್ಕೆ ಒಟ್ಟು ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ಮುಟ್ಟಬಾರದು. ಹೂ ಮುಗಿದ ಕೂಡಲೇ ಸಮಯ. ತಡಮಾಡಿದರೆ ಬರುವ ವರ್ಷದ ಹೂವನ್ನೇ ಕಡಿದಂತಾಗುತ್ತದೆ.

ಟೊಂಗೆಯ ಬುಡದಲ್ಲಿ ಉಬ್ಬಿದ ಬಳೆಯಂಥ ಭಾಗವಿರುತ್ತದೆ. ಅದನ್ನು ಕಾಂಡಕ್ಕೇ ಬಿಟ್ಟು ಅದರ ಹೊರಗೆ ಕತ್ತರಿಸಬೇಕು, ಮೋಟು ಉಳಿಸಬಾರದು. ದಪ್ಪನೆಯದಿದ್ದರೆ ಮೊದಲು ಕೆಳಗಿನಿಂದ ಗರಗಸ ಹಾಕಿರಿ, ಇಲ್ಲದಿದ್ದರೆ ಬೀಳುವ ಭಾರಕ್ಕೆ ತೊಗಟೆ ಸುಲಿದುಕೊಂಡು ಬರುತ್ತದೆ. ಗಾಯಕ್ಕೆ ಸಗಣಿ, ಡಾಂಬರು, ಬಣ್ಣ ಬಳಿಯುವ ರೂಢಿಯಿದೆ. ಬೇಡ. ಅಮೆರಿಕದ ಅರಣ್ಯ ಇಲಾಖೆಯ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಮರಗಳನ್ನು ಉದ್ದಕ್ಕೆ ಸೀಳಿ ಪರೀಕ್ಷಿಸಿ, ಇಂಥ ಲೇಪ ಕೊಳೆಯನ್ನು ತಡೆಯುವುದಿಲ್ಲವೆಂದು 1970–80ರ ದಶಕಗಳಲ್ಲಿ ತೋರಿಸಿಕೊಟ್ಟರು. ಮರ ತನ್ನ ಗಾಯದ ಸುತ್ತ ಒಳಗಿನಿಂದ ತಾನೇ ಗೋಡೆ ಕಟ್ಟಿಕೊಳ್ಳುತ್ತದೆ. ಆ ಗೋಡೆ ಕಟ್ಟುವ ಜಾಗವೇ ಆ ಬಳೆ.

ಜೇವರ್ಗಿಯಿಂದ ಬೇರೆಯಾಗಿ ಯಡ್ರಾಮಿ ಈಗ ತಾಲೂಕು ಕೇಂದ್ರ. ಕಚೇರಿ, ಶಾಲೆಗಳ ಮುಂದೆ ಜೂನ್ 5ಕ್ಕೆ ಸಸಿ ಹಚ್ಚಿ ಫೋಟೋ ತೆಗೆಸುವವರಿಗೆ ಕೊರತೆಯಾಗಲಾರದು. ಅದೇ ಸಸಿಯ ಆಸರೆಗೋಲಿಗೆ ಕಟ್ಟಿದ ತಂತಿಯನ್ನು ಮರುವರ್ಷ ಬಂದು ಬಿಚ್ಚುವವರು ಬೇಕು. ಬಿಚ್ಚದ ತಂತಿ ಕಾಂಡದೊಳಗೆ ಹೂತು ಕುತ್ತಿಗೆ ಬಿಗಿಯುತ್ತದೆ. ಕಟ್ಟುವುದಾದರೆ ಹಳೆಯ ಬಟ್ಟೆಯಿಂದ ಸಡಿಲಾಗಿ ಕಟ್ಟಿರಿ. ಗಾಳಿಗೆ ತುಸು ಓಲಾಡಿದ ಕಾಂಡವೇ ಬಲಿಯುವುದು.

ಇನ್ನು, ಶ್ರಾವಣ ಸೋಮವಾರ ಪೂಜೆಗೆಂದು ಬಿಲ್ವದ ಟೊಂಗೆಗಳನ್ನೇ ಜಗ್ಗಿ ಮುರಿದು ಹೊತ್ತು ತರುವವರಿಗೂ ಒಂದು ಮಾತು. ಕತ್ತರಿಯ ಗಾಯ ಮಾಯುತ್ತದೆ, ಸಿಗಿದ ಗಾಯ ಕೊಳೆಯುತ್ತದೆ. ದಳ ಬೇಕಾದರೆ ದಳವನ್ನಷ್ಟೇ ಬಿಡಿಸಿಕೊಳ್ಳಿರಿ.